ಸೆಳೆತ ಮತ್ತು ಬಾಗು: ಎರಡು ಲೆಕ್ಕಗಳು ಒಂದಾದ ಇತಿಹಾಸ



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಯೊಬ್ಬಳು ಇಂಜಿನಿಯರಿಂಗಿನ ಇತಿಹಾಸ ಬರೆಯಲು ಹೊರಟಿದ್ದಾಳೆಂದರೆ ನಿಮಗೆ ಅಚ್ಚರಿಯಾಗುವುದು ಸಹಜ. ಇದಕ್ಕೆ ಇಬ್ಬರು ವಿದ್ಯಾರ್ಥಿಗಳು ಕಾರಣ. ಮೊದಲನೆಯವನು ನನ್ನ ಎಂಟನೆಯ ತರಗತಿಯ ಹುಡುಗ. ವ್ಯಾಕರಣದ ಪಾಠದ ನಡುವೆ ಎದ್ದು ನಿಂತು, "ಟೀಚರ್, ಫೋನ್ ಅಡ್ಡ ಹಿಡದ್ರ ಚಿತ್ರಾನೂ ಅಡ್ಡ ಆಗತೈತಿ. ನಾವು ಅಡ್ಡ ಹಿಡದೀವಿ ಅಂತ ಅದಕ್ಕ ಹೆಂಗ ಗೊತ್ತಾಗತೈತ್ರಿ?" ಎಂದು ಕೇಳಿದ. ವಿಜ್ಞಾನದ ಶಿಕ್ಷಕರನ್ನು ಕೇಳು ಎಂದು ಕೂರಿಸಿದೆನಾದರೂ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಎರಡನೆಯವಳು ನನ್ನ ಹಳೆಯ ವಿದ್ಯಾರ್ಥಿನಿ. ಏಳನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಮುಂದೆ ಕನ್ನಡಕ್ಕೂ ಆಮೇಲೆ ಇಂಗ್ಲಿಷಿಗೂ ಹೊರಳಿ, ಈ ಅವಳಿ ನಗರದ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಳು. ಈದ್ ದಿನ ಶೀರ್‌ಖುರ್ಮಾದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದವಳ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ. ಅವಳ ಪ್ರಾಜೆಕ್ಟು ನಿಂತುಬಿಟ್ಟಿತ್ತು. ಕಣ್ಣಿಗೆ ಕಾಣದಷ್ಟು ಚಿಕ್ಕ ಲೋಹದ ತಟ್ಟೆಯೊಂದಕ್ಕೆ ವೋಲ್ಟೇಜ್ ಕೊಟ್ಟರೆ ಅದು ಎಷ್ಟು ಕೆಳಗೆ ಬಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. 5 ವೋಲ್ಟಿಗೆ ಉತ್ತರ ಬರುತ್ತಿತ್ತು. 6 ವೋಲ್ಟ್ ಕೊಟ್ಟರೆ ಪರಿಹಾರ ಸಿಗಲಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬರುತ್ತಿತ್ತು. ಮೂರು ರಾತ್ರಿ ನಿದ್ದೆಗೆಟ್ಟಿದ್ದಳು. 6 ವೋಲ್ಟನ್ನು ಬಿಟ್ಟು 5 ವೋಲ್ಟಿನ ಬಣ್ಣದ ಚಿತ್ರವನ್ನೇ ವರದಿಗೆ ಅಂಟಿಸಿ ಮುಗಿಸು ಎಂದು ಅವಳಿಗೆ ಬಲ್ಲವರೊಬ್ಬರು ಹೇಳಿದ್ದರಂತೆ. "ಕರೆಂಟಿನ ಲೆಕ್ಕ ನಮ್ಮ ಬ್ರಾಂಚಿಂದಲ್ಲ ಟೀಚರ್, ನಾನs ಎಲ್ಲೋ ತಪ್ಪು ಮಾಡೇನಿ" ಎಂದು ಅವಳು ಅಂದದ್ದು ನನಗೆ ಕೆಡುಕೆನಿಸಿತು. ಹುಡುಗನ ಪ್ರಶ್ನೆ ಮತ್ತು ಹುಡುಗಿಯ ಕಷ್ಟ ಎರಡೂ ಒಂದೇ ಕಥೆಯ ಎರಡು ತುದಿಗಳೆಂದು ಅನಂತರ ಅವಳ ಪುಸ್ತಕಗಳನ್ನು ಅವಳ ಜೊತೆಗೆ ಕೂತು ಓದಿದಾಗ ತಿಳಿಯಿತು. ಆ ಓದಿನ ಫಲವೇ ಈ ಲೇಖನ.

ಮೊದಲು ಶಬ್ದದಿಂದಲೇ ಆರಂಭಿಸುತ್ತೇನೆ. ಭಾಷಾ ಶಿಕ್ಷಕಿಗೆ ಅಷ್ಟು ಸ್ವಾತಂತ್ರ್ಯ ಇರಲಿ. ಫಾರಸಿಯಲ್ಲಿ ಅಂಬರಿನ ಮಣಿಗೆ 'ಕಹರುಬಾ' ಎನ್ನುತ್ತಾರೆ, ಉರ್ದುವಿಗೂ ಅದು ಬಂದಿದೆ. 'ಕಾಹ್' ಎಂದರೆ ಒಣಹುಲ್ಲು, 'ರುಬಾ' ಎಂದರೆ ಕಸಿದುಕೊಳ್ಳುವುದು. ಉಣ್ಣೆಗೆ ಉಜ್ಜಿದ ಅಂಬರು ಹುಲ್ಲಿನ ಚೂರನ್ನು ಎಳೆದುಕೊಳ್ಳುತ್ತದೆ ಎಂಬ ಅನುಭವವೇ ಆ ಹೆಸರಿನಲ್ಲಿದೆ. ಅರಬ್ಬಿಯಲ್ಲಿ ಇಂದಿಗೂ ವಿದ್ಯುತ್ತಿಗೆ ಅದೇ ಶಬ್ದ, 'ಕಹರಬಾ'. ಇಂಗ್ಲಿಷಿನ ಇಲೆಕ್ಟ್ರಿಸಿಟಿ ಎಂಬ ಶಬ್ದವೂ ಅಂಬರಿನ ಗ್ರೀಕ್ ಹೆಸರಿನಿಂದಲೇ ಹುಟ್ಟಿದ್ದು. ನಮ್ಮ ಕನ್ನಡದ 'ವಿದ್ಯುತ್' ಮತ್ತು ಉರ್ದುವಿನ 'ಬರ್ಕ್' ಎರಡೂ ಮಿಂಚಿನ ಹೆಸರುಗಳು. ಒಂದು ಕಡೆ ಆಕಾಶವನ್ನೇ ಸೀಳುವ ಮಿಂಚು, ಇನ್ನೊಂದು ಕಡೆ ಹುಲ್ಲಿನ ಚೂರನ್ನು ಎತ್ತುವ ಸಣ್ಣ ಸೆಳೆತ. ನಾವು ಇಲ್ಲಿ ಮಾತನಾಡುತ್ತಿರುವುದು ಆ ಸಣ್ಣ ಸೆಳೆತದ ಬಗ್ಗೆ. ಪಠ್ಯಪುಸ್ತಕದಲ್ಲಿ ಇದನ್ನು ಸ್ಥಿರ ವಿದ್ಯುತ್ತಿನ ಬಲ ಎನ್ನುತ್ತಾರೆ. ಬಾಚಣಿಗೆಗೆ ಕಾಗದದ ಚೂರು ಅಂಟುವುದನ್ನು ನೀವೆಲ್ಲ ಮಾಡಿ ನೋಡಿದ್ದೀರಿ.

ಈ ಬಲವನ್ನು ಅಳೆದವನು ಫ್ರಾನ್ಸಿನ ಚಾರ್ಲ್ಸ್ ಆಗಸ್ಟಿನ್ ಕೂಲಂಬ್. 1736ರಲ್ಲಿ ಹುಟ್ಟಿದವನು. ಅವನ ನಿಯಮವನ್ನು ಪ್ರತಿ ವರ್ಷ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ: ಅಂತರ ಅರ್ಧವಾದರೆ ಬಲ ನಾಲ್ಕು ಪಟ್ಟು. ಆದರೆ ಅವನು ವೃತ್ತಿಯಿಂದ ಯಾರಾಗಿದ್ದ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳಿದ್ದನ್ನು ನಾನು ಕಂಡಿಲ್ಲ. ಅವನು ಸೈನ್ಯದ ಇಂಜಿನಿಯರು. 1764ರಿಂದ 1772ರವರೆಗೆ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿದವನು. 1773ರಲ್ಲಿ ಅವನು ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಪ್ರಬಂಧ ವಿದ್ಯುತ್ತಿನ ಮೇಲಲ್ಲ. ತೊಲೆ ಹೇಗೆ ಬಾಗುತ್ತದೆ, ಮಣ್ಣಿನ ಒತ್ತಡಕ್ಕೆ ಗೋಡೆ ಹೇಗೆ ನಿಲ್ಲುತ್ತದೆ, ಕಮಾನು ಯಾವಾಗ ಬೀಳುತ್ತದೆ ಎಂಬುದರ ಮೇಲೆ. 1784ರಲ್ಲಿ ಲೋಹದ ತಂತಿಯನ್ನು ತಿರುಚಿದರೆ ಅದು ಎಷ್ಟು ಬಲದಿಂದ ಮರಳಿ ಬಿಚ್ಚಿಕೊಳ್ಳುತ್ತದೆ ಎಂಬುದರ ಲೆಕ್ಕ ಕೊಟ್ಟ. ಅದರ ಮರುವರ್ಷ, 1785ರಲ್ಲಿ, ಅದೇ ತಂತಿಗೆ ಅಡ್ಡವಾಗಿ ಒಂದು ಸೂಜಿಯನ್ನು ತೂಗುಹಾಕಿ ವಿದ್ಯುತ್ತಿನ ಬಲವನ್ನು ಅಳೆದ.

ಆ ಪ್ರಯೋಗದ ಅಂಕಿಗಳನ್ನು ಗಮನವಿಟ್ಟು ನೋಡಿ. ಸೂಜಿಯ ತುದಿಯ ಗುಂಡಿಗೂ ಪಕ್ಕದ ಸ್ಥಿರ ಗುಂಡಿಗೂ ಒಂದೇ ಬಗೆಯ ವಿದ್ಯುತ್ತು ಕೊಟ್ಟಾಗ ಅವು ಒಂದನ್ನೊಂದು ತಳ್ಳಿ 36 ಡಿಗ್ರಿ ದೂರದಲ್ಲಿ ನಿಂತವು. ತಂತಿ ತಿರುಚಿದ್ದೂ 36 ಡಿಗ್ರಿ. ಈಗ ಅವನು ತಂತಿಯ ಮೇಲ್ತುದಿಯನ್ನು 126 ಡಿಗ್ರಿ ಹಿಂದಕ್ಕೆ ತಿರುವಿದ. ಗುಂಡುಗಳು ಹತ್ತಿರ ಬಂದು 18 ಡಿಗ್ರಿಯಲ್ಲಿ ನಿಂತವು. ಹಾಗಾದರೆ ತಂತಿಯ ಒಟ್ಟು ತಿರುಚು 126 ಮತ್ತು 18 ಕೂಡಿ 144. ದೂರ ಅರ್ಧ, ತಿರುಚು 36ರ ನಾಲ್ಕು ಪಟ್ಟು! ಮೂರನೆಯ ಸಲ 567 ಡಿಗ್ರಿ ತಿರುವಿದಾಗ ಗುಂಡುಗಳು ಎಂಟೂವರೆ ಡಿಗ್ರಿಗೆ ಬಂದವು. ಒಟ್ಟು 575.5, ಅಂದರೆ ಹೆಚ್ಚುಕಡಿಮೆ ಹದಿನಾರು ಪಟ್ಟು.

ಇಲ್ಲಿ 126ಕ್ಕೆ 18ನ್ನು ಕೂಡಿಸಿದ ಆ ಚಿಕ್ಕ ಸಂಕಲನದಲ್ಲೇ ಈ ಲೇಖನದ ವಿಷಯವೆಲ್ಲ ಅಡಗಿದೆ. ಗುಂಡು ಸರಿದರೆ ತಂತಿ ತಿರುಚುತ್ತದೆ, ತಂತಿ ತಿರುಚಿದಷ್ಟೂ ಗುಂಡಿನ ದೂರ ಬದಲಾಗುತ್ತದೆ, ದೂರ ಬದಲಾದರೆ ಬಲವೇ ಬದಲಾಗುತ್ತದೆ. ವಿದ್ಯುತ್ತಿನ ಲೆಕ್ಕವನ್ನು ಒಂದು ಹಾಳೆಯಲ್ಲೂ ತಂತಿಯ ಲೆಕ್ಕವನ್ನು ಇನ್ನೊಂದು ಹಾಳೆಯಲ್ಲೂ ಮಾಡಿ ಮುಗಿಸಲು ಬರುವುದಿಲ್ಲ. ಕೂಲಂಬನಿಗೆ ಎರಡೂ ವಿದ್ಯೆ ಕೈವಶವಾಗಿದ್ದುದರಿಂದ ಅವನಿಗೆ ಅದು ಕಷ್ಟವೆನಿಸಲಿಲ್ಲ. ಆದರೆ ವಿರುದ್ಧ ವಿದ್ಯುತ್ತು ಕೊಟ್ಟು ಸೆಳೆತವನ್ನು ಅಳೆಯಹೋದಾಗ ಅವನಿಗೂ ತೊಂದರೆಯಾಯಿತು. ಗುಂಡುಗಳು ಒಂದು ಮಿತಿಯವರೆಗೆ ನಿಂತು, ಆಮೇಲೆ ಇದ್ದಕ್ಕಿದ್ದಂತೆ ಧಾವಿಸಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕಾರಣ ಅವನಿಗೆ ತಿಳಿಯಿತು. ತಂತಿಯ ವಿರೋಧ ಹೆಜ್ಜೆಹೆಜ್ಜೆಯಾಗಿ ಬೆಳೆಯುತ್ತದೆ, ಸೆಳೆತವಾದರೋ ಹತ್ತಿರ ಬಂದಂತೆಲ್ಲ ಪಟ್ಟುಪಟ್ಟಾಗಿ ಏರುತ್ತದೆ. ಆದ್ದರಿಂದ ಸೆಳೆತವನ್ನು ಅಳೆಯಲು ಅವನು ಸೂಜಿಯ ಓಲಾಟದ ಕಾಲವನ್ನು ಎಣಿಸುವ ಬೇರೆ ಉಪಾಯವನ್ನು ಹಿಡಿದ. ಈ ಅಂಟಿಕೊಳ್ಳುವ ಗುಂಡುಗಳನ್ನು ನೆನಪಿನಲ್ಲಿಡಿ, ಇವು ಮತ್ತೆ ಬರುತ್ತವೆ.

ಕೂಲಂಬನ ನಂತರ ಎರಡು ವಿದ್ಯೆಗಳು ಬೇರೆಬೇರೆ ಮನೆ ಮಾಡಿದವು. ತೊಲೆ, ಸೇತುವೆ, ಯಂತ್ರಗಳ ಲೆಕ್ಕ ಸಿವಿಲ್ ಮತ್ತು ಮೆಕ್ಯಾನಿಕಲ್‌ನವರಿಗೆ ಹೋಯಿತು. ವಿದ್ಯುತ್ತು ಎಲೆಕ್ಟ್ರಿಕಲ್‌ನವರ ಪಾಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಾರ್ಡ್ ಕೆಲ್ವಿನ್ ಎರಡು ತಟ್ಟೆಗಳ ಸೆಳೆತದಿಂದ ವೋಲ್ಟೇಜ್ ಅಳೆಯುವ ಉಪಕರಣ ಮಾಡಿದನಾದರೂ ಅವನು ಜಾಣತನದಿಂದ ಈ ತೊಡಕನ್ನು ತಪ್ಪಿಸಿಕೊಂಡ. ತಟ್ಟೆ ಸರಿದರೆ ಸ್ಕ್ರೂ ತಿರುವಿ ಮತ್ತೆ ಮೊದಲಿನ ಜಾಗಕ್ಕೇ ತಂದು ನಿಲ್ಲಿಸುವುದು ಅವನ ಕ್ರಮ. ತಟ್ಟೆ ಇದ್ದಲ್ಲೇ ಇದ್ದರೆ ಎರಡನೆಯ ಲೆಕ್ಕದ ಕಾಟವಿಲ್ಲ. ಅಷ್ಟಕ್ಕೂ ದೊಡ್ಡ ಯಂತ್ರಗಳಲ್ಲಿ ಈ ಸೆಳೆತ ಬಹಳ ದುರ್ಬಲ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೋಟಾರುಗಳೆಲ್ಲ ಅಯಸ್ಕಾಂತದ ಬಲದಿಂದಲೇ ತಿರುಗಿದವು. ನೂರು ವರ್ಷ ಹೀಗೇ ಕಳೆಯಿತು.

ವಸ್ತುಗಳು ಚಿಕ್ಕವಾದಾಗ ಕಥೆ ಬದಲಾಯಿತು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಸಂಶೋಧನಾಲಯವಿತ್ತು. ಅಲ್ಲಿ ಹಾರ್ವೆ ನೇಥನ್ಸನ್ ಮತ್ತು ಸಂಗಡಿಗರು 1965ರಲ್ಲಿ ಟ್ರಾನ್ಸಿಸ್ಟರಿನ ಮೇಲೆ ಚಿನ್ನದ ಪುಟ್ಟ ತೊಲೆಯೊಂದನ್ನು ಚಾಚಿ ನಿಲ್ಲಿಸಿದರು. ಒಂದು ತುದಿ ಭದ್ರ, ಇನ್ನೊಂದು ತುದಿ ಗಾಳಿಯಲ್ಲಿ. ವೋಲ್ಟೇಜ್ ಕೊಟ್ಟರೆ ತೊಲೆ ಬಾಗುತ್ತದೆ, ಕಂಪಿಸುತ್ತದೆ. 1967ರಲ್ಲಿ ಪ್ರಕಟಿಸಿದ ವಿಸ್ತಾರವಾದ ಲೇಖನದಲ್ಲಿ ಅವರು ಕೂಲಂಬನ ಹಳೆಯ ತೊಂದರೆಗೆ ಗಣಿತದ ರೂಪ ಕೊಟ್ಟರು. ಸ್ಪ್ರಿಂಗಿಗೆ ತೂಗುಹಾಕಿದ ತಟ್ಟೆಯು ಮೂಲ ಅಂತರದ ಮೂರನೇ ಒಂದು ಪಾಲು ಸರಿಯುವವರೆಗೆ ಮಾತ್ರ ನಿಲ್ಲಬಲ್ಲದು, ಅದನ್ನು ದಾಟಿದರೆ ಯಾವ ಸ್ಪ್ರಿಂಗೂ ತಡೆಯಲಾರದೆ ತಟ್ಟೆ ಪಟ್ಟನೆ ಕೆಳಕ್ಕೆ ಅಂಟುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಪುಲ್ ಇನ್' ಎಂದು ಹೆಸರು. ಕನ್ನಡದಲ್ಲಿ 'ಒಳಸೆಳೆತ' ಎನ್ನೋಣ. ಅದೇ ಹೊತ್ತಿಗೆ, 1968ರಲ್ಲಿ, ಇಂಗ್ಲೆಂಡಿನ ಜಿ.ಐ. ಟೇಲರ್ ಬೇರೆಬೇರೆ ವೋಲ್ಟೇಜಿನ ಎರಡು ದ್ರವದ ಹನಿಗಳು ಹತ್ತಿರ ಬಂದು ಕೂಡಿಹೋಗುವುದನ್ನು ಅಭ್ಯಾಸ ಮಾಡಿ ಇದೇ ಬಗೆಯ ಮಿತಿಯನ್ನು ಕಂಡ.

ಈಗ ನನ್ನ ವಿದ್ಯಾರ್ಥಿನಿಯ ತಟ್ಟೆಯನ್ನು ತೆಗೆದುಕೊಳ್ಳೋಣ. ನೀವೂ ಪೆನ್ಸಿಲ್ ಹಿಡಿಯಿರಿ, ಪಿಯುಸಿ ಗಣಿತ ಸಾಕು. ತಟ್ಟೆಯ ಉದ್ದ 100 ಮೈಕ್ರಾನ್, ಅಗಲ 100 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ಕೆಳಗಿನ ನೆಲಕ್ಕೂ ತಟ್ಟೆಗೂ ನಡುವೆ 2 ಮೈಕ್ರಾನ್ ಗಾಳಿ. ತಟ್ಟೆಯನ್ನು ಹಿಡಿದ ತೆಳು ತೋಳುಗಳ ಬಿಗುವು ಎಷ್ಟೆಂದರೆ ಒಂದು ಮೈಕ್ರಾನ್ ಬಾಗಿಸಲು ಒಂದು ಮೈಕ್ರೋನ್ಯೂಟನ್ ಬಲ ಬೇಕು. ಅದು ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲಿನ ತೂಕ.

5 ವೋಲ್ಟ್ ಕೊಡಿ. ತಟ್ಟೆ ಅಲುಗಾಡಿಯೇ ಇಲ್ಲವೆಂದು ತಿಳಿದು ಸೆಳೆತದ ಲೆಕ್ಕ ಮಾಡಿದರೆ 0.28 ಮೈಕ್ರೋನ್ಯೂಟನ್ ಬರುತ್ತದೆ. ಆದ್ದರಿಂದ ಬಾಗು 0.28 ಮೈಕ್ರಾನ್. ಎಲೆಕ್ಟ್ರಿಕಲ್‌ನವರು ಬಲ ಹೇಳಿದರು, ಮೆಕ್ಯಾನಿಕಲ್‌ನವರು ಬಾಗು ಹೇಳಿದರು, ಲೆಕ್ಕ ಮುಗಿಯಿತು ಎನ್ನುತ್ತೀರಾ? ಮುಗಿಯಲಿಲ್ಲ. ತಟ್ಟೆ 0.28 ಇಳಿದಿದೆ, ಅಂತರ ಈಗ 2 ಅಲ್ಲ, 1.72. ಅಂತರ ಕಡಿಮೆಯಾದ್ದರಿಂದ ಸೆಳೆತ ಹೆಚ್ಚಿತು. ಮತ್ತೆ ಲೆಕ್ಕ ಮಾಡಿದರೆ ಬಾಗು 0.37. ಅಂತರ ಮತ್ತೂ ಕಡಿಮೆ, ಬಾಗು 0.42, ಆಮೇಲೆ 0.44. ಹೀಗೆ ಏರಿಕೆ ಸಣ್ಣದಾಗುತ್ತ ಹೋಗಿ ಸುಮಾರು 0.48ರಲ್ಲಿ ನಿಲ್ಲುತ್ತದೆ. ಬೇರೆಬೇರೆಯಾಗಿ ಮಾಡಿದ ಲೆಕ್ಕ 0.28, ಕೂಡಿ ಮಾಡಿದ ಲೆಕ್ಕ 0.48. ಇದು ಅಲ್ಪಸ್ವಲ್ಪದ ಅಂತರವಲ್ಲ.

ಈಗ 6 ವೋಲ್ಟ್ ಕೊಡಿ. ಮೊದಲ ಬಾಗು 0.40. ಅದರಿಂದ ಎರಡನೆಯದು 0.62. ಮೂರನೆಯದು 0.84. ನಾಲ್ಕನೆಯದು 1.18. ಐದನೆಯದು 2.37! ಇರುವ ಅಂತರವೇ 2 ಮೈಕ್ರಾನ್, ತಟ್ಟೆ ನೆಲವನ್ನೂ ತೂರಿ ಹೋಗಬೇಕೆಂದು ಲೆಕ್ಕ ಹೇಳುತ್ತಿದೆ. ನಿಲ್ಲುವ ಜಾಗವೇ ಇಲ್ಲ. ಈ ತಟ್ಟೆಯ ಒಳಸೆಳೆತದ ಮಿತಿ ಸುಮಾರು 5.2 ವೋಲ್ಟ್. ಆದ್ದರಿಂದ 6 ವೋಲ್ಟಿಗೆ ಪರಿಹಾರ ಸಿಗಲಿಲ್ಲ ಎಂದು ಸಾಫ್ಟ್‌ವೇರ್ ಹೇಳಿದ್ದು ಅದರ ಸೋಲಲ್ಲ, ಹುಡುಗಿಯ ತಪ್ಪೂ ಅಲ್ಲ. ಗಾಳಿಯಲ್ಲಿ ನಿಂತ ತಟ್ಟೆ ಎಂಬ ಉತ್ತರ ಅಲ್ಲಿ ಇರಲೇ ಇಲ್ಲ. ಈ ಐದು ಹೆಜ್ಜೆಗಳನ್ನು ಅವಳು ನಮ್ಮ ಅಡಿಗೆಮನೆಯ ಮೇಜಿನ ಮೇಲೆ ಕ್ಯಾಲ್ಕ್ಯುಲೇಟರ್ ಒತ್ತಿ ಮಾಡಿದಾಗ ಶೀರ್‌ಖುರ್ಮಾ ಆರಿ ತಣ್ಣಗಾಗಿತ್ತು.

ಇಷ್ಟು ಸುಲಭವಾದ ಲೆಕ್ಕಕ್ಕೆ ಕಂಪ್ಯೂಟರ್ ಏಕೆ ಎಂದು ನೀವು ಕೇಳಬಹುದು. ನಾವು ತಟ್ಟೆ ಸಮತಟ್ಟಾಗಿ ಇಳಿಯುತ್ತದೆ ಎಂದು ತಿಳಿದು ಲೆಕ್ಕ ಮಾಡಿದೆವು. ನಿಜವಾದ ತಟ್ಟೆ ನಡುವೆ ಹೆಚ್ಚು, ಅಂಚಿಗೆ ಕಡಿಮೆ ಬಾಗುತ್ತದೆ. ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಹೊರಗೆ ಉಬ್ಬುತ್ತದೆ. ಒಂದೊಂದು ಜಾಗದಲ್ಲಿ ಒಂದೊಂದು ಅಂತರ, ಒಂದೊಂದು ಬಲ. ಅದನ್ನು ಕೈಯಿಂದ ಮಾಡಲು ಸಾಧ್ಯವಿಲ್ಲ. ಮಾಡಿ ನೋಡೋಣವೆಂದರೆ ಸಿಲಿಕಾನಿನಲ್ಲಿ ಇಂಥ ಒಂದು ಸಾಧನ ಕೆತ್ತಿಸುವುದು ತಿಂಗಳುಗಟ್ಟಲೆ ಕೆಲಸ, ಖರ್ಚೂ ವಿಪರೀತ. ಆದ್ದರಿಂದ ಕೆತ್ತುವ ಮೊದಲು ಲೆಕ್ಕದಲ್ಲೇ ಪರೀಕ್ಷಿಸಬೇಕು. ಇದನ್ನೇ ಸಿಮ್ಯುಲೇಶನ್ ಎನ್ನುವುದು.

ಬಾಗಿನ ಲೆಕ್ಕದ ವಿಧಾನವಂತೂ ಮೊದಲೇ ಸಿದ್ಧವಾಗಿತ್ತು. ದೊಡ್ಡ ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಲೆಕ್ಕ ಮಾಡಿ, ಎಲ್ಲವನ್ನೂ ಹೊಂದಿಸುವ ಈ ವಿಧಾನ ವಿಮಾನದ ರೆಕ್ಕೆಗಳ ಲೆಕ್ಕಕ್ಕಾಗಿ 1950ರ ದಶಕದಲ್ಲಿ ಬೆಳೆಯಿತು. ಬೋಯಿಂಗ್ ಕಂಪನಿಯ ಟರ್ನರ್ ಹಾಗೂ ರೇ ಕ್ಲೌ ಮೊದಲಾದವರ ಲೇಖನ 1956ರದು. 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನು ಕ್ಲೌ 1960ರಲ್ಲಿ ಕೊಟ್ಟರು. ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಈ ವಿಧಾನವನ್ನು ಎಲ್ಲರಿಗೂ ಮಾರುವ ಸಾಫ್ಟ್‌ವೇರ್ ಆಗಿ ಮಾಡಿದ ಜಾನ್ ಸ್ವಾನ್ಸನ್ 1960ರ ದಶಕದಲ್ಲಿ ಅದೇ ವೆಸ್ಟಿಂಗ್‌ಹೌಸ್ ಕಂಪನಿಯ ನೌಕರರು, ಅದೇ ಪಿಟ್ಸ್‌ಬರ್ಗಿನಲ್ಲಿ. ಅವರ ವಿಭಾಗ ಪರಮಾಣು ಶಕ್ತಿಯ ರಾಕೆಟ್ಟಿನದು. 1970ರಲ್ಲಿ ಅವರು ಸ್ವಂತ ಕಂಪನಿ ತೆರೆದರು, ಅದೇ ಮುಂದೆ 'ಆನ್ಸಿಸ್' ಆಯಿತು. ಒಂದೇ ಊರಿನಲ್ಲಿ, ಒಂದೇ ಕಂಪನಿಯ ಸಂಬಳ ಪಡೆಯುತ್ತ, ಒಬ್ಬರು ವಿದ್ಯುತ್ತಿಗೆ ಬಾಗುವ ತೊಲೆ ಮಾಡುತ್ತಿದ್ದರು, ಇನ್ನೊಬ್ಬರು ಬಾಗುವಿಕೆಯ ಲೆಕ್ಕ ಕಟ್ಟುತ್ತಿದ್ದರು. ಆದರೆ ಈ ಎರಡು ಕೆಲಸಗಳು ಒಂದೇ ಕಂಪ್ಯೂಟರಿನಲ್ಲಿ ಕೂಡಿಬರಲು ಇನ್ನೂ ಸುಮಾರು ಇಪ್ಪತ್ತೈದು ವರ್ಷ ಬೇಕಾಯಿತು.

ಅದಕ್ಕೆ ಒತ್ತಾಸೆಯಾದದ್ದು ಮಾರುಕಟ್ಟೆ. 1982ರಲ್ಲಿ ಐಬಿಎಂನ ಕರ್ಟ್ ಪೀಟರ್ಸನ್ ಸಿಲಿಕಾನನ್ನು ಯಂತ್ರದ ಭಾಗಗಳಿಗೂ ಬಳಸಬಹುದೆಂದು ದೀರ್ಘ ಲೇಖನ ಬರೆದರು. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಕೂದಲಿಗಿಂತ ಕಿರಿದಾದ ಕನ್ನಡಿಗಳನ್ನು ವಿದ್ಯುತ್ ಸೆಳೆತದಿಂದ ಅತ್ತಿತ್ತ ಓರೆಮಾಡುವ ಚಿಪ್ ಮಾಡಿದರು. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಮೇಲೆ ಡಿಎಲ್‌ಪಿ ಎಂದು ಬರೆದಿದ್ದರೆ ಅದರೊಳಗೆ ಇಂಥ ಲಕ್ಷಾಂತರ ಕನ್ನಡಿಗಳಿವೆ ಎಂದು ತಿಳಿಯಿರಿ. ಅಲ್ಲಿ ಒಳಸೆಳೆತ ಶತ್ರುವಲ್ಲ, ಕೆಲಸಗಾರ. ಕನ್ನಡಿ ಪಟ್ಟನೆ ಓರೆಯಾಗಿ ಕೂರಲು ಅದೇ ಬೇಕು. 1990ರ ದಶಕದ ಆರಂಭದಲ್ಲಿ ಅನಲಾಗ್ ಡಿವೈಸಸ್ ಕಂಪನಿ ಕಾರಿನ ಏರ್‌ಬ್ಯಾಗಿಗಾಗಿ ವೇಗದ ಏರುಪೇರನ್ನು ಗ್ರಹಿಸುವ ಚಿಪ್ ತಂದಿತು. ಒಳಗೆ ಸ್ಪ್ರಿಂಗಿಗೆ ತೂಗಿದ ಸಿಲಿಕಾನಿನ ತುಣುಕು, ಅದರ ಬದಿಗೆ ಬಾಚಣಿಗೆಯಂತೆ ಹಲ್ಲುಗಳು. ಕಾರು ಡಿಕ್ಕಿ ಹೊಡೆದಾಗ ತುಣುಕು ಓಲುತ್ತದೆ, ಹಲ್ಲುಗಳ ನಡುವಿನ ಅಂತರ ಬದಲಾಗುತ್ತದೆ, ಆ ಬದಲಾವಣೆಯನ್ನು ವಿದ್ಯುತ್ತು ಓದುತ್ತದೆ. ಓದಲು ಕೊಟ್ಟ ವೋಲ್ಟೇಜೂ ಹಲ್ಲುಗಳನ್ನು ಸ್ವಲ್ಪ ಎಳೆಯುತ್ತದೆ ಎಂಬುದನ್ನು ಮರೆತರೆ ಓದು ತಪ್ಪಾಗುತ್ತದೆ. ಫೋನಿನಲ್ಲಿ ಇರುವುದೂ ಇದೇ ಬಗೆಯ ಸಾಧನ. ಫೋನ್ ಅಡ್ಡ ಮಾಡಿದರೆ ಭೂಮಿಯ ಎಳೆತ ಆ ತುಣುಕನ್ನು ಬೇರೆ ಕಡೆಗೆ ಜಗ್ಗುತ್ತದೆ. ಎಂಟನೆಯ ತರಗತಿಯ ನಮ್ಮ ಹುಡುಗನಿಗೆ ಇದೇ ಉತ್ತರ.

ಲೆಕ್ಕಗಳನ್ನು ಕೂಡಿಸುವ ಕೆಲಸದಲ್ಲಿ ಮುಂದಾದದ್ದು ಅಮೆರಿಕದ ಎಂಐಟಿಯ ಸ್ಟೀಫನ್ ಸೆಂಚೂರಿಯಾ ಅವರ ತಂಡ. 1992ರಲ್ಲಿ ಅವರು 'ಮೆಮ್‌ಕ್ಯಾಡ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. 1995ರ ಹೊತ್ತಿಗೆ ಬಾಗುವಿಕೆಗೆ ಒಂದು ಪ್ರೋಗ್ರಾಂ, ವಿದ್ಯುತ್ತಿಗೆ ಇನ್ನೊಂದು ಪ್ರೋಗ್ರಾಂ, ಇವೆರಡರ ನಡುವೆ ಉತ್ತರಗಳನ್ನು ಹೊತ್ತು ಓಡಾಡುವ ಮೂರನೆಯದೊಂದು ಬಂತು. ನಾವು ಮೇಲೆ 0.28, 0.37, 0.42 ಎಂದು ಮಾಡಿದೆವಲ್ಲ, ಅದೇ ಕ್ರಮ. ಆದರೆ ಒಳಸೆಳೆತದ ಮಿತಿಯ ಹತ್ತಿರ ಈ ಓಡಾಟ ಮುಗಿಯುವುದೇ ಇಲ್ಲ, ನೂರಾರು ಸುತ್ತು ಬೇಕಾಗುತ್ತದೆ. ಆದ್ದರಿಂದ ಎರಡೂ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ವಿಧಾನಗಳು ಬಂದವು. 1999ರಲ್ಲಿ ಅಂಥದೊಂದು ವಿಧಾನವನ್ನು ಪ್ರಕಟಿಸಿದವರಲ್ಲಿ ನಮ್ಮ ದೇಶದಲ್ಲೇ, ಪಿಲಾನಿಯಲ್ಲಿ, ಇಂಜಿನಿಯರಿಂಗ್ ಓದಿ ಹೋದ ಎನ್.ಆರ್. ಅಲೂರು ಒಬ್ಬರು.

ಇದೇ ಕಾಲಕ್ಕೆ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಇನ್ನೊಂದು ಸಾಹಸ ನಡೆದಿತ್ತು. ಸ್ವಾಂತೆ ಲಿಟ್‌ಮಾರ್ಕ್ ಮತ್ತು ಫರ್ಹಾದ್ ಸಯೀದಿ ಎಂಬಿಬ್ಬರು 1986ರಲ್ಲಿ ಕಂಪನಿಯೊಂದನ್ನು ಸ್ಥಾಪಿಸಿದ್ದರು. 1998ರಲ್ಲಿ 'ಫೆಮ್‌ಲ್ಯಾಬ್' ಎಂಬ ಸಾಫ್ಟ್‌ವೇರ್ ಹೊರತಂದರು, 2005ರಿಂದ ಅದರ ಹೆಸರು 'ಕಾಮ್‌ಸಾಲ್ ಮಲ್ಟಿಫಿಸಿಕ್ಸ್'. ಯಾವ ಭೌತಶಾಸ್ತ್ರವನ್ನು ಯಾವುದಕ್ಕೆ ಬೇಕಾದರೂ ಜೋಡಿಸಿ ಲೆಕ್ಕ ಮಾಡಬಹುದು ಎಂಬುದೇ ಅದರ ಮೂಲ ವಿಚಾರ.

ಇಲ್ಲೊಂದು ತೊಡಕನ್ನು ಹೇಳಲೇಬೇಕು. ಬಾಗಿನ ಲೆಕ್ಕಕ್ಕೆ ತಟ್ಟೆಯನ್ನಷ್ಟೇ ತುಂಡು ಮಾಡಿದರೆ ಸಾಕು. ವಿದ್ಯುತ್ತಿನ ಲೆಕ್ಕಕ್ಕೆ ನಡುವಿನ ಗಾಳಿಯನ್ನೂ ಬಲೆಯಂತೆ ಕಣ್ಣುಕಣ್ಣಾಗಿ ತುಂಡರಿಸಬೇಕು. ತಟ್ಟೆ ಇಳಿದಾಗ ಗಾಳಿಯ ಆ ಬಲೆಯೂ ಜೊತೆಗೆ ಕುಗ್ಗಬೇಕು. ಹೆಚ್ಚು ಕುಗ್ಗಿದರೆ ಕಣ್ಣುಗಳು ಮುದುಡಿ ತಲೆಕೆಳಗಾಗಿ ಲೆಕ್ಕವೇ ಕೆಡುತ್ತದೆ. ಹೀಗಾಗಿ ಪರಿಹಾರ ಸಿಗಲಿಲ್ಲ ಎಂಬ ಸೂಚನೆಗೆ ಎರಡು ಅರ್ಥಗಳಿರಬಹುದು: ನಿಜವಾಗಿಯೂ ತಟ್ಟೆ ನಿಲ್ಲುವುದಿಲ್ಲ, ಅಥವಾ ಬಲೆ ಹರಿಯಿತು. ಯಾವುದು ಎಂಬುದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ. ಕೈಲೆಕ್ಕ ಬಲ್ಲವನಿಗೆ ಮಾತ್ರ ಅದು ತಿಳಿಯುತ್ತದೆ. ಬಣ್ಣದ ಚಿತ್ರ ಬಂತೆಂದರೆ ಉತ್ತರ ಬಂತು ಎಂದು ನಂಬುವವರು ನಮ್ಮಲ್ಲಿ ಬಹಳ.

ಕರ್ನಾಟಕಕ್ಕೆ ಬರೋಣ. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯೇ ನಮ್ಮ ದೇಶದಲ್ಲಿ ಈ ವಿದ್ಯೆಯ ಮುಖ್ಯ ನೆಲೆಗಳಲ್ಲಿ ಒಂದು. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಮುಂದೆ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾದ ಡಾ. ವಿ.ಕೆ. ಆತ್ರೆ ಅವರ ಮುಂದಾಳತ್ವದಲ್ಲಿ 2000ದ ಸುಮಾರಿಗೆ ಸ್ಮಾರ್ಟ್ ವಸ್ತುಗಳ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. ಅದರ ಮುಂದುವರಿಕೆಯಾಗಿ ಬಂದ ಎನ್‌ಪಿಮಾಸ್ ಎಂಬ ಕಾರ್ಯಕ್ರಮದ ಅಡಿಯಲ್ಲಿ ದೇಶದ ಹಲವಾರು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿನ್ಯಾಸ ಕೇಂದ್ರಗಳು ತೆರೆದವು, ಬಹಳ ಬೆಲೆಯ ಈ ಸಾಫ್ಟ್‌ವೇರುಗಳನ್ನು ಅಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡಲಾಯಿತು. ನಮ್ಮ ರಾಜ್ಯದ ಕಾಲೇಜುಗಳೂ ಅವುಗಳಲ್ಲಿದ್ದವು. ಆತ್ರೆಯವರಿಗೆ 2016ರಲ್ಲಿ ಪದ್ಮವಿಭೂಷಣ ಸಂದಿತು.

ನನ್ನ ವಿದ್ಯಾರ್ಥಿನಿಯ ಕೈಯಲ್ಲಿದ್ದ ಪುಸ್ತಕವೂ ಅಲ್ಲಿಯದೇ. 2010ರಲ್ಲಿ ಪ್ರಕಟವಾದ 'ಮೈಕ್ರೋ ಅಂಡ್ ಸ್ಮಾರ್ಟ್ ಸಿಸ್ಟಮ್ಸ್'. ಪುಟ ತಿರುವುವ ಮೊದಲು ಲೇಖಕರ ಹೆಸರುಗಳನ್ನು ಓದಿ ಎಂದು ಅವಳಿಗೆ ಹೇಳಿದೆ. ಜಿ.ಕೆ. ಅನಂತಸುರೇಶ್ ಮೆಕ್ಯಾನಿಕಲ್ ವಿಭಾಗದವರು. ಕೆ.ಜೆ. ವಿನೋಯ್ ವಿದ್ಯುತ್ ಸಂವಹನದವರು. ಎಸ್. ಗೋಪಾಲಕೃಷ್ಣನ್ ವಿಮಾನ ಇಂಜಿನಿಯರಿಂಗಿನವರು. ಕೆ.ಎನ್. ಭಟ್ ಎಲೆಕ್ಟ್ರಾನಿಕ್ಸ್‌ನವರು. ಐದನೆಯವರು ಆತ್ರೆ. ಒಂದೇ ಪುಸ್ತಕಕ್ಕೆ ನಾಲ್ಕೈದು ವಿಭಾಗದವರು. ವಿದ್ಯುತ್ತು ಮತ್ತು ಯಂತ್ರ ಕೂಡಿದ ಲೆಕ್ಕಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಮೀಸಲು. "ನಮ್ಮ ಬ್ರಾಂಚಿಂದಲ್ಲ" ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ನಮ್ಮ ಊರಿನಲ್ಲಿ ಇಂಜಿನಿಯರಿಂಗ್ ಶಿಕ್ಷಣಕ್ಕೆ ಬಡತನವಿಲ್ಲ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜು 2015ರಲ್ಲಿ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು. ಪ್ರತಿ ವರ್ಷ ಸಿಇಟಿ ಫಲಿತಾಂಶದ ನಂತರ ಪಾಲಕರು ನಮ್ಮಂಥ ಶಿಕ್ಷಕರ ಬಳಿಗೂ ಬಂದು ಯಾವ ಬ್ರಾಂಚ್ ಕೊಡಿಸಬೇಕೆಂದು ಕೇಳುತ್ತಾರೆ. ಒಂದು ಬ್ರಾಂಚ್ ಹಿಡಿದ ಮೇಲೆ ಇನ್ನೊಂದರ ಪುಸ್ತಕ ಮುಟ್ಟಬಾರದು ಎಂಬಂತೆ ಮಕ್ಕಳು ನಡೆದುಕೊಳ್ಳುತ್ತಾರೆ. ಹುಬ್ಬಳ್ಳಿಗೂ ಧಾರವಾಡಕ್ಕೂ 1962ರಿಂದ ಒಂದೇ ಮಹಾನಗರ ಪಾಲಿಕೆ, ಆದರೂ ಇಂದಿಗೂ ನಾವು ಹುಬ್ಬಳ್ಳಿಯವರು, ನೀವು ಧಾರವಾಡದವರು ಎನ್ನುತ್ತೇವಲ್ಲ, ಹಾಗೆಯೇ ಇದೂ ಇರಬೇಕು.

ಮಾರುಕಟ್ಟೆಯಲ್ಲಿ ಮಾತ್ರ ಗೋಡೆಗಳು ಬೀಳುತ್ತಿವೆ. ಸ್ವಾನ್ಸನ್ನರು ಕಟ್ಟಿದ ಆನ್ಸಿಸ್ ಕಂಪನಿಯನ್ನು 2025ರ ಜುಲೈಯಲ್ಲಿ ಸಿನಾಪ್ಸಿಸ್ ಎಂಬ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಕಂಪನಿ ಕೊಂಡುಕೊಂಡಿತು. ಬಾಗಿನ ಲೆಕ್ಕದವರೂ ವಿದ್ಯುತ್ತಿನ ಲೆಕ್ಕದವರೂ ಈಗ ಒಂದೇ ಮನೆಯವರು.

ಹುಡುಗಿಯ ಪ್ರಾಜೆಕ್ಟಿನ ಗತಿ ಏನಾಯಿತೆಂದು ಕೇಳುತ್ತೀರಿ. ಅವಳು 6 ವೋಲ್ಟನ್ನು ಬಿಡಲಿಲ್ಲ. ಅದಕ್ಕೊಂದು ಉಪಾಯ ಬಳಕೆಯಲ್ಲಿದೆ. ಇಷ್ಟು ವೋಲ್ಟ್ ಕೊಟ್ಟರೆ ಎಷ್ಟು ಬಾಗುತ್ತದೆ ಎಂದು ಕೇಳುವ ಬದಲು, ಇಷ್ಟು ಬಾಗಿ ನಿಲ್ಲಬೇಕಾದರೆ ಎಷ್ಟು ವೋಲ್ಟ್ ಬೇಕು ಎಂದು ಸಾಫ್ಟ್‌ವೇರನ್ನು ಕೇಳಬೇಕು. ಆಗ ಪ್ರತಿ ಬಾಗಿಗೂ ಉತ್ತರ ಸಿಗುತ್ತದೆ. ಬಾಗು ಹೆಚ್ಚಿದಂತೆ ವೋಲ್ಟ್ ಏರುತ್ತ ಹೋಗಿ, 0.67 ಮೈಕ್ರಾನಿನ ಹತ್ತಿರ, ಅಂದರೆ ಅಂತರದ ಮೂರನೇ ಒಂದು ಪಾಲಿನಲ್ಲಿ, 5.2ಕ್ಕೆ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಗುಡ್ಡದಂತಹ ಗೆರೆ. ಏರುವ ಬದಿಯಲ್ಲಿ ತಟ್ಟೆ ನಿಲ್ಲುತ್ತದೆ. ಇಳಿಯುವ ಬದಿಯಲ್ಲಿ ಲೆಕ್ಕಕ್ಕೆ ಉತ್ತರವಿದ್ದರೂ ತಟ್ಟೆ ನಿಲ್ಲದು, ಕೂದಲೆಳೆಯಷ್ಟು ಅಲುಗಿದರೂ ಕೆಳಕ್ಕೋ ಮೇಲಕ್ಕೋ ಜಾರಿಬಿಡುತ್ತದೆ. ಪರಿಹಾರ ಸಿಗದ ಆ ಸೂಚನೆಯನ್ನೂ, ಅಡಿಗೆಮನೆಯ ಐದು ಹೆಜ್ಜೆಗಳನ್ನೂ, ಈ ಗುಡ್ಡದ ಗೆರೆಯನ್ನೂ ಅವಳು ವರದಿಯಲ್ಲಿ ಒಟ್ಟಿಗೆ ಕೊಟ್ಟಳು. ಕೂಲಂಬನ 36, 144, 575.5 ಅಂಕಿಗಳನ್ನು ಮೊದಲ ಪುಟದಲ್ಲಿ ಹಾಕಿದ್ದಳು. ಅದು ನನ್ನ ಒತ್ತಾಯ.

ಆ ಗೆರೆಯ ಒಂದು ಪ್ರತಿಯನ್ನು ನಮ್ಮ ಶಾಲೆಗೆ ತಂದು ಎಂಟನೆಯ ತರಗತಿಯ ಹುಡುಗನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ಇಳಿಯುವ ಬದಿಯ ಮೇಲೆ ಬೆರಳಿಟ್ಟು, "ಇಲ್ಲಿ ನಿಂದರಂಗಿಲ್ಲ ಅಂದ್ರ, ಹಿಡದು ನಿಂದರಸಾಕ ಬರಂಗಿಲ್ಲೇನ್ರಿ ಟೀಚರ್?" ಎಂದ. ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಏರಿಳಿಸುತ್ತ ಹಾಗೆ ನಿಲ್ಲಿಸುವವರೂ ಇದ್ದಾರಂತೆ. ಹೇಗೆ ಎಂಬುದನ್ನು ಅವಳೇ ಬಂದು ಹೇಳಲಿ ಎಂದು ಮುಂದಿನ ಶನಿವಾರಕ್ಕೆ ಕರೆದಿದ್ದೇನೆ.